ಖಾಲಿ ತಳ

ಇಟಲಿ ದೇಶದ ಗುಡ್ಡಗಾಡಿನಲ್ಲಿ ಒಂದು ಪುಟ್ಟ ಊರಿದೆಯಂತೆ. ಕೆಂಪು ಹಂಚು, ಹಳದಿ ಗೋಡೆ, ಗಂಟೆಗೋಪುರ, ಕೆಳಗೊಂದು ನೀಲಿ ಸರೋವರ. ಜನ ದುಡ್ಡು ಕೊಟ್ಟು ನೋಡಲು ಹೋಗುತ್ತಾರಂತೆ. ಅದನ್ನೇ ಎತ್ತಿ ತಂದು ಪುಣೆಯಾಚೆಯ ಗುಡ್ಡಗಳಲ್ಲಿ ಇಡುವ ಹುಚ್ಚು ಒಂದು ಕಂಪನಿಗೆ ಹಿಡಿದದ್ದು ಎರಡು ಸಾವಿರದ ಐದರ ಸುಮಾರಿಗೆ. ಆ ಊರು ಕಟ್ಟಿದವರಲ್ಲಿ ಒಬ್ಬ ಗೌಂಡಿ ಕಾಶಪ್ಪ. ದೀಪದ ಕೆಲಸಕ್ಕೆ ಪುಣೆಯ ಕೊಂಢವಾದಿಂದ ಆಗಾಗ ಹೋಗಿಬರುತ್ತಿದ್ದ ವೈರಮನ್ ನಾನು.

ಇಟಲಿಯ ಆ ಊರಿನ ಚಿತ್ರ ಆಫೀಸಿನ ಗೋಡೆಯ ಮೇಲಿತ್ತು. ಕೂಲಿಯವರಿಗೆ ಆಫೀಸಿನ ಒಳಗೆ ಪ್ರವೇಶವಿರಲಿಲ್ಲ. ಇವತ್ತು ಒಂದು ಕಮಾನು, ನಾಳೆ ಒಂದು ಕಿಟಕಿ, ಹೇಳಿದಷ್ಟು ಕಟ್ಟಬೇಕು. ಗೋಪುರಕ್ಕೆ ಗಂಟೆಯಿಲ್ಲ, ಅರ್ಧ ಕಿಟಕಿಗಳು ಬರೀ ಬಣ್ಣದಲ್ಲಿ ಬರೆದವು. ಮೇಲೆ ಥಳಕು, ಒಳಗೆ ಹುಳುಕು.

“ಹೊಸಾ ಗ್ವಾಡಿಗಿ ಹಳೇದು ಕಾಣೋ ಹಂಗ ವಯಸ್ಸು ಹಚ್ಚು ಅಂತಾರ್ರಿ. ನಮಗ ಪುಕ್ಕಟನೇ ಹತ್ತ್ಯಾದ,” ಎಂದು ಕಾಶಪ್ಪ ನಗುತ್ತಿದ್ದ. ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಆ ದಿನಗಳಲ್ಲಿ ಮಾತ್ರ.

ಅವನದು ಗುಲಬರ್ಗಾ ಕಡೆಯ ಹಳ್ಳಿ. ಹಳ್ಳಿ ಎನ್ನುವುದೂ ತಪ್ಪು, ಅದು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿತ್ತು. ಮನೆ ಹೋದದ್ದಕ್ಕೆ ಅವನ ಹೆಂಡತಿ ಯಂಕವ್ವ ಅಷ್ಟು ಅಳಲಿಲ್ಲವಂತೆ. ಊರ ಹೊರಗೆ ಹೂತಿದ್ದ ಅವರ ಒಂದೇ ಕೂಸಿನ ಗುಂಡಿಯ ಮೇಲೆ ನೀರು ಏರಿದಾಗ ಮಾತ್ರ ಎದೆ ಬಡಿದುಕೊಂಡಳಂತೆ. ಹೆಣ ಸುಡುವ ಪದ್ಧತಿ ಅವರಲ್ಲಿಲ್ಲ, ಮಣ್ಣು ಮಾಡುತ್ತಾರೆ. ಅವತ್ತೇ ಆಕೆ ಗಂಡನಿಂದ ಮಾತು ತೆಗೆದುಕೊಂಡಳು. “ನನಗ ಮಣ್ಣಾಗೇ ಇಡಬೇಕು ನೋಡು. ನೀರು ಬರೋ ಕಡಿ ಇಡಬ್ಯಾಡ. ಕೂಸಿನ ಗತಿ ನನಗ ಬ್ಯಾಡ.” ಇದನ್ನು ಯಂಕವ್ವನೇ ನನಗೆ ಹೇಳಿದ್ದಳು, ರೊಟ್ಟಿ ಬಡಿಯುತ್ತ, ಗಂಡನ ಕಡೆ ನೋಡುತ್ತ. ಅವನು ಹೌದೆಂದು ತಲೆಯಾಡಿಸಿದ್ದ.

ಮರುಬೇಸಿಗೆಯಲ್ಲಿ ಆಕೆಗೆ ಕಾಮಾಲೆಯಾಯಿತು. ಕೂಲಿಯವರ ತಗಡಿನ ಶೆಡ್ಡುಗಳಿಗೆ ಬರುತ್ತಿದ್ದ ನೀರು ಅಂಥದ್ದು. ಪುಣೆಗೆ ಒಯ್ಯಲು ಜೀಪು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಆಗ ನಾನಲ್ಲಿರಲಿಲ್ಲ. ಮುಂದಿನದೆಲ್ಲ ಅವನ ಜೊತೆಯವರು ಹೇಳಿದ್ದು.

ಗೋಪುರದ ಹಿಂದಿನ ಏರಿನಲ್ಲಿ ಮೂರು ಮೊಳ ಜಾಗ ಕೊಡಿ ಎಂದು ಕಾಶಪ್ಪ ಮ್ಯಾನೇಜರನ ಕಾಲು ಹಿಡಿದ. ಇಲ್ಲಿ ಹೆಣ ಹೂತರೆ ಬಂಗಲೆ ಯಾರು ಕೊಳ್ಳುತ್ತಾರೆ ಎಂದನಂತೆ ಆತ. ಅಲ್ಲಯ್ಯಾ, ಇಟಲಿಯವರೇನು ಸಾಯುವುದೇ ಇಲ್ಲವೇ? ಗೋಪುರ ಬೇಕು, ಕಮಾನು ಬೇಕು, ಸ್ಮಶಾನ ಮಾತ್ರ ಬೇಡ. ಸತ್ತವರಿಗೆ ಜಾಗವಿಲ್ಲದ್ದು ಎಂಥ ಊರು?

ಹೆಣ ಬಿಸಿಲಿನಲ್ಲಿತ್ತು. ಕಾಶಪ್ಪ ಸೂಪರ್‌ವೈಜರ್ ಅವಧೂತನ ಹತ್ತಿರ ಓಡಿದ. ಅವಧೂತ ಮರಾಠಿಯವನು, ಕೆಟ್ಟವನಲ್ಲ. ಕಾಶಪ್ಪ ಕಣಿವೆಯ ಕಡೆ ಕೈ ಮಾಡಿ, ಅಲ್ಲಿಡಲೇ ಎಂದು ಸನ್ನೆಯಲ್ಲಿ ಕೇಳಿದ. ಅವಧೂತ ನಿಟ್ಟುಸಿರು ಬಿಟ್ಟು, “ಅರೇ, ಖಾಲೀ ತಳಂ ಆಹೇ,” ಎಂದ. ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ, ತಳಂ ಎಂದರೆ ಕೆರೆ. ಕೆಳಗೆ ಕೆರೆ ಬರುತ್ತದಲ್ಲ, ಅಲ್ಲಿ ಹೇಗೆ ಹೂಳುತ್ತೀ ಎಂಬುದು ಅವನ ಮಾತು. ಕಾಶಪ್ಪ ಊರಿನಿಂದ ನೇರ ಈ ಗುಡ್ಡಕ್ಕೇ ಬಂದವನು, ಕೂಲಿ ಟೋಳಿಯೆಲ್ಲ ಕನ್ನಡದ್ದು. ಅವನ ಕಿವಿಗೆ ಬಿದ್ದದ್ದು ‘ಖಾಲಿ ತಳ’. ತಗ್ಗಿನ ಜಾಗ, ಯಾರದೂ ಅಲ್ಲ, ಖಾಲಿ ಬಿದ್ದಿದೆ. ಕಣಿವೆಯಲ್ಲಿ ಆಗ ಹನಿ ನೀರಿರಲಿಲ್ಲ. ಅವಧೂತನಿಗೆ ಎರಡೂ ಕೈ ಮುಗಿದು, ಹೆಂಡತಿಯನ್ನು ಅಲ್ಲಿ ಮಣ್ಣು ಮಾಡಿದ. ಮೇಲೆ ಒಂದು ಕಲ್ಲಿನ ಕಟ್ಟೆ ಕಟ್ಟಿದ. ದಿನಾ ಕೆಲಸ ಬಿಟ್ಟ ಮೇಲೆ ಹೋಗಿ ಅಲ್ಲಿ ಕೂತಿರುತ್ತಿದ್ದನಂತೆ, ಒಂದು ಥರದ ನೆಮ್ಮದಿಯಿಂದ.

ಕಣಿವೆಯ ಆಚೆ ತಿರುವಿನಲ್ಲಿ ಬೇರೆ ಟೋಳಿ ಕಟ್ಟಿದ್ದ ಒಡ್ಡಿನ ಬಾಗಿಲನ್ನು ಮಳೆಗಾಲದಲ್ಲಿ ಇಳಿಸಿದರು. ದಂಡೆಗೆ ದೀಪ ಹಾಕಲು ನಾನು ಹೋದ ದಿನ ಕಟ್ಟೆ ಆಗಲೇ ಮುಳುಗಿತ್ತು. ಕಾಶಪ್ಪ ಎದೆಮಟ್ಟ ನೀರಿನಲ್ಲಿ ನಿಂತು ಸಲಿಕೆಯಿಂದ ತಳ ಕೆದಕುತ್ತಿದ್ದ. ಎಷ್ಟು ಕೆದಕಿದರೂ ನೀರೇ. ವಾಚ್‌ಮನ್‌ಗಳು ಅವನನ್ನು ಎಳೆದು ತಂದು ದಂಡೆಗೆ ಹಾಕಿದರು. ಒಂದೇ ದಿನ ಬಾಗಿಲು ತೆಗೆಯಿರಿ ಎಂದು ನಾನೂ ಮ್ಯಾನೇಜರನನ್ನು ಕೇಳಿದೆ. ರವಿವಾರ ಪ್ರವಾಸಿಗಳು ಬರುತ್ತಾರೆ, ದೋಣಿಗಳೂ ಬಂದಿವೆ ಎಂದ. ನನ್ನ ಮೈಯೆಲ್ಲ ಉರಿಯಿತು. ಉರಿದು ಏನು ಬಂತು?

ಒದ್ದೆ ಬಟ್ಟೆಯಲ್ಲೇ ಕೂತಿದ್ದ ಕಾಶಪ್ಪ ಕೇಳಿದ, “ಅವಧೂತ ಸಾಹೇಬ್ರು ಖಾಲಿ ತಳ ಅದ ಅಂದಿದ್ರಲ್ರಿ?”

ಹೇಳದೆ ವಿಧಿಯಿರಲಿಲ್ಲ. “ಅವರ ಮಾತಿನಾಗ ತಳಂ ಅಂದ್ರ ಕೆರಿ, ಕಾಶಪ್ಪ.”

ನಾನೇ ಸಮಾಧಾನಕ್ಕೆಂದು, “ನಿನ್ನದೇನು ತಪ್ಪಿಲ್ಲ. ನಿನಗ ಭಾಷಾ ಬರತಿದ್ದಿಲ್ಲ,” ಎಂದೆ.

“ಅಕಿಗೂ ಬರತಿದ್ದಿಲ್ರಿ,” ಎಂದ ಕಾಶಪ್ಪ. “ನಾ ಬೇಕಂತನೇ ನೀರಾಗಿಟ್ಟೆ ಅಂತ ತಿಳಕೊಂಡಿರ್ತಾಳ.”