ಜೈಲರಕ್ಕನ ರಜೆ

ಆಸ್ಪತ್ರೆಯ ನೆಲಮಾಳಿಗೆಯ ಯಂತ್ರದ ಕೋಣೆಯಲ್ಲಿ ಕೆಲಸ ಮಾಡುವ ಆಕೆಯನ್ನು ಎಲ್ಲರೂ ಜೈಲರಕ್ಕ ಎನ್ನುತ್ತಿದ್ದರು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಅಳೆದು ತೂಗಿಯೇ ಇಟ್ಟಿದ್ದರು. ಆಸ್ಪತ್ರೆಯ ಕಂಪ್ಯೂಟರುಗಳಿಗೆ ಹೊರಗಿನಿಂದ ಬರುವ ಫೈಲುಗಳಲ್ಲಿ ಅನುಮಾನ ಹುಟ್ಟಿಸುವಂಥದ್ದೇನಾದರೂ ಇದ್ದರೆ ಅದು ನೇರವಾಗಿ ಅಕ್ಕನ ಪೆಟ್ಟಿಗೆಗೆ ಬರುತ್ತಿತ್ತು. ಪೆಟ್ಟಿಗೆಯೊಳಗೆ ಒಂದು ಸುಳ್ಳು ಕಂಪ್ಯೂಟರು. ಫೈಲನ್ನು ಅದರೊಳಗೆ ಬಿಟ್ಟು, ಬಾಗಿಲು ಹಾಕಿ, ಏನು ಮಾಡುತ್ತದೆಂದು ಕಾದು ನೋಡುವುದು. ತೆಪ್ಪಗಿದ್ದರೆ ಬಿಡುಗಡೆ. ಬಾಲ ಬಿಚ್ಚಿದರೆ ಅಲ್ಲಿಗೇ ಅದರ ಕಥೆ ಮುಗಿಯಿತು.

ಪೆಟ್ಟಿಗೆ ಇದ್ದದ್ದು ಒಂದೇ. ಅದನ್ನು ನೋಡಿಕೊಳ್ಳುವವಳೂ ಒಬ್ಬಳೇ. ಯಾವ ಫೈಲನ್ನು ತಡೆಯಬೇಕು, ಯಾವುದು ನೋಡಲು ಕಳ್ಳನಂತಿದ್ದರೂ ನಿಜಕ್ಕೂ ಸಾಧು ಎಂಬುದನ್ನೆಲ್ಲ ಅವಳೇ ವರ್ಷಾನುಗಟ್ಟಲೆ ಒಂದೊಂದಾಗಿ ಅದಕ್ಕೆ ಕಲಿಸಿದ್ದಳು. ಅದು ಮುನಿಸಿಕೊಂಡರೆ ಅಕ್ಕನಿಗೆ ಫೋನು. ಊಟಕ್ಕೆ ಕೂತಿರಲಿ, ಬಸ್ಸಿನಲ್ಲಿರಲಿ, ಜ್ವರ ಬಂದು ಮಲಗಿರಲಿ. "ನಾನಿಲ್ದಿದ್ರೆ ಇವರ ಗತಿ ಏನಪ್ಪಾ" ಎಂದು ಗೊಣಗುತ್ತಿದ್ದಳು. ಗೊಣಗುವಾಗ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ಸುಳ್ಳೇಕೆ ಹೇಳಬೇಕು, ಆ ಫೋನು ಬರುವುದು ಅವಳಿಗೆ ಇಷ್ಟವೇ ಆಗಿತ್ತು.

ಆ ಇಷ್ಟಕ್ಕೆ ಅವಳು ತೆತ್ತದ್ದು ಮಾತ್ರ ಸಣ್ಣದಲ್ಲ. ಹೋದ ವರ್ಷ ಅಪ್ಪ ಅದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿದ್ದರು. ಒಂದು ಮಧ್ಯಾಹ್ನ ಅವಳ ಕೈ ಹಿಡಿದು, "ಸ್ವಲ್ಪ ಹೊತ್ತು ಕೂತ್ಕೊಳ್ಳೇ" ಅಂದರು. ಅಷ್ಟರಲ್ಲಿ ಫೋನು ಬಂತು. "ಒಂದ್ನಿಮಿಷ ಅಪ್ಪ" ಎಂದು ಕೆಳಗಿಳಿದು ಹೋದಳು. ಪೆಟ್ಟಿಗೆಯನ್ನು ರಮಿಸಿ ಎಬ್ಬಿಸಿ ಮೇಲೆ ಬಂದಾಗ ತಂಗಿ ವಾರ್ಡಿನ ಬಾಗಿಲಲ್ಲಿ ಗೋಡೆಗೊರಗಿ ನಿಂತಿದ್ದಳು. ಅಪ್ಪ ಹೋಗಿಬಿಟ್ಟಿದ್ದರು. ಈ ವಿಷಯವಾಗಿ ತಂಗಿ ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸುತ್ತಿತ್ತು ಅಕ್ಕನಿಗೆ.

ಈಗ ಆ ತಂಗಿ ತುಂಬಿದ ಬಸುರಿ. ಮದುವೆಯಾಗಿ ಬಹಳ ಕಾಲದ ಮೇಲೆ ನಿಂತ ಗರ್ಭ. ಗಂಡ ಹಡಗಿನಲ್ಲಿ ಕೆಲಸಕ್ಕಿರುವವನು, ಹೆರಿಗೆಯ ಹೊತ್ತಿಗೆ ಯಾವ ಸಮುದ್ರದಲ್ಲಿರುತ್ತಾನೋ ಅವನಿಗೇ ಗೊತ್ತಿಲ್ಲ. ತಂಗಿ ಫೋನಿನಲ್ಲಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು:

"ಅಕ್ಕ, ನೀನು ಬರ್ಬೇಕು. ಆದ್ರೆ ಬಂದ್ರೆ ಪೂರ್ತಿ ಬಾ. ಕಿವಿಗೆ ಫೋನ್ ಅಂಟಿಸ್ಕೊಂಡು ಅರ್ಧ ಬರೋದಾದ್ರೆ ಬರ್ಲೇಬೇಡ."

"ಇಲ್ಲಿ ಬೇರೆ ಯಾರಿಗೂ ಗೊತ್ತಾಗಲ್ಲ ಕಣೇ..."

"ನಿನ್ನ ಕೋಳಿ ಕೂಗಿದ್ರೇನೇ ಬೆಳಗಾಗೋದು ಅಂದ್ಕೊಂಡಿದೀಯ ನೀನು."

ಆಸ್ಪತ್ರೆಯವರು ಹೊಸದಾಗಿ ಮೂರು ಪೆಟ್ಟಿಗೆ ತರಿಸಿ ತಿಂಗಳುಗಳೇ ಆಗಿದ್ದವು. ನಾಲ್ಕನ್ನೂ ಸೇರಿಸಿ ಒಂದು ಗುಂಪು ಮಾಡಬೇಕಿತ್ತು. ಹಳೆಯದು ಮುಂದಾಳು. ಅದು ಬಿದ್ದರೆ ಎರಡನೆಯದು ಆ ಜಾಗಕ್ಕೆ ನಿಲ್ಲಬೇಕು. ಉಳಿದೆರಡು ದುಡಿಯುವ ಆಳುಗಳು. ನಾಲ್ಕಕ್ಕೂ ಮೇಲೊಂದು ಸೆಂಟ್ರಲ್ ಸರ್ವರು. ಅದರ ಮುಂದೆ ಕೂತರೆ ಯಾರು ಬೇಕಾದರೂ ಎಲ್ಲವನ್ನೂ ನಡೆಸಬಹುದು. ಆ 'ಯಾರು ಬೇಕಾದರೂ' ಎಂಬ ಮಾತೇ ಅಕ್ಕನಿಗೆ ಹಿಡಿಸಿರಲಿಲ್ಲ. ಕೇಬಲ್ ಉದ್ದ ಸಾಲದು, ಕೋಣೆಯ ಏಸಿ ಸರಿಯಿಲ್ಲ ಎಂದು ನೆವ ತೆಗೆದು ಮುಂದಕ್ಕೆ ಹಾಕುತ್ತಲೇ ಬಂದಿದ್ದಳು. ತಂಗಿಯ ಮಾತು ಕೇಳಿದ ಮಾರನೆಯ ದಿನ ಸ್ವೆಟರಿನ ತೋಳು ಮಡಚಿ ತಾನೇ ಶುರುಮಾಡಿದಳು.

ಜೊತೆಗಿದ್ದವನು ತಡೆಯಣ್ಣ. ಅವಳದೇ ವಯಸ್ಸಿನ ಸಹೋದ್ಯೋಗಿ. ಯಾವ ಗುಂಡಿ ಒತ್ತುವ ಮುಂಚೆಯೂ "ತಡೀರಿ, ತಡೀರಿ" ಎನ್ನುವವನಾದ್ದರಿಂದ ಆ ಹೆಸರು. ತಾಳಿದವನು ಬಾಳಿಯಾನು ಎಂಬ ಮಾತನ್ನು ಅವನಷ್ಟು ನಂಬಿದ ಪ್ರಾಣಿ ಆ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ.

ಕೆಲಸ ಅರ್ಧಕ್ಕೆ ಬಂದಿದ್ದಾಗ ತಂಗಿಯ ಫೋನು. ಡಾಕ್ಟರು ಹೇಳಿದ ದಿನಕ್ಕಿಂತ ಮುಂಚೆಯೇ ಆಗಬಹುದಂತೆ, ಬೇಗ ಹೊರಡು ಎಂದಳು. ಅಕ್ಕನಿಗೆ ಕಾಲಿಗೆ ಚಕ್ರ ಕಟ್ಟಿದ ಹಾಗಾಯಿತು. ಸೆಂಟ್ರಲ್‌ನಿಂದ ಪೆಟ್ಟಿಗೆಗಳಿಗೆ ಸೆಟ್ಟಿಂಗ್ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

"ತಡೀರಿ ಅಕ್ಕ. ಹಳೇದರಲ್ಲಿ ಇರೋದನ್ನೆಲ್ಲ ಮೊದ್ಲು ಸೆಂಟ್ರಲ್‌ಗೆ ಎಳ್ಕೊಂಡ್ರಾ?"

"ನಿಮ್ದೊಂದು ಯಾವಾಗ್ಲೂ ಇದ್ದಿದ್ದೇ" ಎಂದು ಒತ್ತಿಯೇಬಿಟ್ಟಳು. ಆತುರಗಾರನಿಗೆ ಬುದ್ಧಿ ಮಟ್ಟ. ಸೆಂಟ್ರಲ್ ಇನ್ನೂ ಬರಿದಾಗಿತ್ತು. ಆ ಬರಿದನ್ನೇ ಹಳೆಯ ಪೆಟ್ಟಿಗೆಗೆ ಕಳಿಸಿತು. ಪೆಟ್ಟಿಗೆ ವಿಧೇಯತೆಯಿಂದ ಒಪ್ಪಿಕೊಂಡು, ಅಕ್ಕ ಕಲಿಸಿದ್ದನ್ನೆಲ್ಲ ಒರೆಸಿಹಾಕಿ, ಹಸಿರು ದೀಪ ಹಚ್ಚಿ ಕೂತಿತು.

ನಕಲು ಇಟ್ಟುಕೊಳ್ಳಿ ಎಂದು ಆಸ್ಪತ್ರೆಗೆಲ್ಲ ಪಾಠ ಹೇಳುವವಳು ತನ್ನ ಪೆಟ್ಟಿಗೆಯ ನಕಲು ತೆಗೆದು ಯಾವ ಕಾಲವಾಗಿತ್ತೋ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ. ಅಷ್ಟರಲ್ಲೇ ಲ್ಯಾಬಿನಿಂದ ಫೋನು: ರಕ್ತ ಪರೀಕ್ಷೆಯ ಒಂದು ರಿಪೋರ್ಟೂ ವಾರ್ಡಿಗೆ ಹೋಗುತ್ತಿಲ್ಲ, ಎಲ್ಲ ಜೈಲಿನಲ್ಲಿವೆ. ಇನ್ನು ರಜೆಯ ಮಾತೆಲ್ಲಿ ಬಂತು? ತಂಗಿಗೆ ಯಾವ ಮುಖ ತೋರಿಸುವುದು?

ತಡೆಯಣ್ಣ 'ನಾನು ಹೇಳಲಿಲ್ಲವೇ' ಅನ್ನಲಿಲ್ಲ. ಈ ಪ್ರಪಂಚದಲ್ಲಿ ಅದು ಅಪರೂಪದ ಗುಣ. ಲ್ಯಾಬಿಗೆ ಫೋನು ಮಾಡಿ, "ಇವತ್ತೊಂದಿನ ಕಾಗದದಲ್ಲಿ ಕೊಟ್ಟು ಕಳ್ಸಿ" ಎಂದು ಹೇಳಿ, ಕುರ್ಚಿ ಎಳೆದುಕೊಂಡು ಸೆಂಟ್ರಲ್‌ನ ಮುಂದೆ ಕೂತ.

"ಪೆಟ್ಟಿಗೆ ಮರೆತಿದೆ, ನೀವು ಮರೆತಿಲ್ವಲ್ಲ. ಹೇಳ್ತಾ ಹೋಗಿ, ನಾನು ಹಾಕ್ತೀನಿ."

ಅಕ್ಕ ಕಣ್ಣು ಮುಚ್ಚಿ ಹೇಳತೊಡಗಿದಳು. "ಲ್ಯಾಬಿನ ಯಂತ್ರ ಹಳೇದು. ಅದರ ರಿಪೋರ್ಟ್ ಜೊತೆ ಒಂದು ಸಣ್ಣ ಪ್ರೋಗ್ರಾಂ ಬರತ್ತೆ. ನೋಡಿದ್ರೆ ಭಯ ಆಗತ್ತೆ, ಏನೂ ಮಾಡಲ್ಲ. ಬಿಡಿ."

"ಯಾಕೆ ಏನೂ ಮಾಡಲ್ಲ?"

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಯಾಕೆ ಎಂದು ಕೇಳಿರಲಿಲ್ಲ. ಅವಳೂ ಹೇಳಲು ಹೋಗಿರಲಿಲ್ಲ. ಅಂದು ಪ್ರತಿಯೊಂದಕ್ಕೂ ಅವನು ಯಾಕೆ ಎಂದ, ಅವಳು ಹೇಳಿದಳು. ವಾರ್ಡ್ ಆಯಾಗಳು ಕಾಗದ ಹಿಡಿದು ಮೆಟ್ಟಿಲು ಹತ್ತಿಳಿಯುತ್ತ ಯಂತ್ರದ ಕೋಣೆಗೆ ಹಿಡಿಶಾಪ ಹಾಕಿದರು. ಸಂಜೆಯ ಹೊತ್ತಿಗೆ ನಾಲ್ಕೂ ಪೆಟ್ಟಿಗೆ ಒಂದಾಗಿ, ರಿಪೋರ್ಟುಗಳು ನೀರು ಹರಿದ ಹಾಗೆ ಹೋದವು. ಹಳೆಯದರ ಕೇಬಲ್ ಕಿತ್ತು ಎರಡನೆಯದು ಏಳುತ್ತದೋ ಇಲ್ಲವೋ ನೋಡಬೇಕು ಎಂದಾಗ ಅಕ್ಕನಿಗೆ ಕೈಯೇ ಬರಲಿಲ್ಲ. ಅವನೇ ಕಿತ್ತ. ಎದ್ದಿತು. ರಾತ್ರಿಯ ಬಸ್ಸಿಗೆ ಅಕ್ಕ ಹೊರಟಳು.

ತಂಗಿಗೆ ಹೆಣ್ಣುಮಗು. ಅಕ್ಕ ಬಿಸಿನೀರು ಕಾಯಿಸಿದಳು, ಬಟ್ಟೆ ಒಗೆದಳು, ಬಾಣಂತಿಗೆ ಗದರಿ ಊಟ ಮಾಡಿಸಿದಳು. ಫೋನು ಕಿಟಕಿಯ ಮೇಲೆ ಬಿದ್ದಿತ್ತು. ವಾರ ಕಳೆದರೂ ಒಂದು ಸಲವೂ ಬಡಿದುಕೊಳ್ಳಲಿಲ್ಲ. ಸಿಗ್ನಲ್ ಇದೆಯೇ ನೋಡಿದಳು, ಇತ್ತು. ಆಫ್ ಮಾಡಿ ಆನ್ ಮಾಡಿದಳು. ಕೊನೆಗೆ ತಡೆಯಲಾರದೆ, ಬಟ್ಟೆ ಒಣಹಾಕುವ ನೆವದಲ್ಲಿ ಹಿತ್ತಲಿಗೆ ಹೋಗಿ ತಾನೇ ಫೋನು ಮಾಡಿದಳು.

"ಎಲ್ಲ ಚೆನ್ನಾಗಿದೆ ಅಕ್ಕ" ಎಂದ ತಡೆಯಣ್ಣ. "ಮೊನ್ನೆ ಬೆಳಗ್ಗೆ ಹಳೇದು ಮಲಗಿಬಿಟ್ಟಿತ್ತು. ಎರಡ್ನೇದು ಎದ್ದು ನಡೆಸ್ತು. ನಮಗೆ ಗೊತ್ತಾಗಿದ್ದೇ ಮಧ್ಯಾಹ್ನ. ಡಿಸ್ಕ್ ಬದಲಾಯ್ಸಿದ್ವಿ, ಸರಿಹೋಯ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೇನಿತ್ತು ಅಕ್ಕ? ರಿಪೋರ್ಟೆಲ್ಲ ಹೋಗ್ತಾನೇ ಇತ್ತಲ್ಲ. ಮಗು ಹೇಗಿದೆ?"

ಮಗು ಚೆನ್ನಾಗಿದೆ ಎಂದು ಫೋನು ಇಟ್ಟಳು. ಮೊದಲು ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ಆಮೇಲೆ ಬೇರೆ ಯೋಚನೆ ಬಂತು. ಅಪ್ಪ ಕೂತ್ಕೊಳ್ಳೇ ಎಂದ ದಿನವೂ ಹೀಗೇ ಆಗಬಹುದಿತ್ತು. ಎರಡನೆಯ ಪೆಟ್ಟಿಗೆ ತರಿಸೋಣ ಎಂದು ಅದಕ್ಕೂ ಮುಂಚೆಯೇ ಆಫೀಸಿನವರು ಕೇಳಿದ್ದರು. ಯಾಕೆ, ನಾನಿದ್ದೀನಲ್ಲ ಎಂದವಳು ಅವಳೇ. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.

"ಅಕ್ಕಾ, ಸ್ವಲ್ಪ ಇವಳನ್ನ ಎತ್ಕೊಳ್ತೀಯಾ?" ಒಳಗಿನಿಂದ ತಂಗಿ ಕೂಗಿದಳು.

ಅಭ್ಯಾಸಬಲದಿಂದ 'ಒಂದ್ನಿಮಿಷ' ಎಂಬುದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಬಕೆಟ್ಟನ್ನೂ ಫೋನನ್ನೂ ಅಲ್ಲೇ ಬಿಟ್ಟು, ಕೈ ಒರೆಸಿಕೊಳ್ಳುತ್ತ ಒಳಗೆ ಹೋಗಿ, ಮಗುವನ್ನು ಮಡಿಲಿಗೆ ತೆಗೆದುಕೊಂಡು ಕೂತಳು.