ಸೊಸೆ ಹೇಳದ ಹೆಸರಿನ ಬೀರು

ಮ್ಡಂಟ್ಸಾನೆಯ ಏಳನೇ ಬಡಾವಣೆಯಲ್ಲಿ ಕಾರಿಲ್ಲದ ಒಂದು ಕಾರ್ ಶೆಡ್ ಇದೆ. ಒಳಗೆ ಮೂರು ಸ್ಟೀಲ್ ಹಂಡೆ, ಒಂದು ಹಳೆಯ ಹಾಲಿನ ಟ್ಯಾಂಕು, ಗೋಡೆಗೆ ಒರಗಿಸಿದ ಜೋಳದ ಮತ್ತು ಬಾರ್ಲಿಯ ಮೂಟೆಗಳು. ಆರು ವರ್ಷದಿಂದ ನೊಸಕೆಲೆ ಇಲ್ಲಿ ಬೀರು ಕಾಯಿಸುತ್ತಿದ್ದಾಳೆ. ಹುಟ್ಟಿದಾಗ ಅವಳ ಹೆಸರು ಬಬಲ್ವ. ನೊಸಕೆಲೆ ಎಂಬುದು ಮದುವೆಯ ದಿನ ಗಂಡನ ಮನೆಯವರು ಇಟ್ಟದ್ದು. ಹೆಸರಿಡುವವರು ಕಾರಣ ಇಟ್ಟುಕೊಂಡೇ ಇಡುತ್ತಾರೆ ಎಂದು ಅವಳಿಗೆ ಅವತ್ತೇ ತಿಳಿದಿತ್ತು. ಅವಳ ಬೀರುಗಳಲ್ಲೂ ಕಾರಣವಿಲ್ಲದ ಹೆಸರಿಲ್ಲ.

ತಿಳಿ ಹಳದಿಯದು 'ಆಲಿಕಲ್ಲು'. ಕುದಿಸಿದ ರಸವನ್ನು ಬೇಗ ತಣಿಸದಿದ್ದರೆ ಕೆಡುತ್ತದೆ. ಒಂದು ಮಧ್ಯಾಹ್ನ ನಲ್ಲಿ ನಿಂತುಹೋಗಿ ಅವಳು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಆಲಿಕಲ್ಲು ಸುರಿಯಿತು. ಬೀದಿಯ ಹೆಂಗಸರು ಬಕೆಟ್ಟು, ಬೋಗುಣಿ ಹಿಡಿದು ಬಂದರು. ಒಬ್ಬಾಕೆ ಕೂಸಿನ ಸ್ನಾನದ ತೊಟ್ಟಿಯನ್ನೇ ತಂದಳು. ಅಂಗಳದ ಆಲಿಕಲ್ಲನ್ನೆಲ್ಲ ಬಳಿದು ತಂದು ಹಂಡೆಯ ಸುತ್ತ ಸುರಿದರು. ಕೆಂಪಗಿನದು 'ಮೂರನೇ ಟ್ಯಾಕ್ಸಿ'. ಹಂಡೆ ಉಕ್ಕೀತೆಂದು ಎರಡು ಟ್ಯಾಕ್ಸಿ ಬಿಟ್ಟು ಮೂರನೆಯದು ಹತ್ತಿದ ನೊಸಕೆಲೆ, ತಂಗಿಯ ಮದುವೆಗೆ ತಲುಪಿದಾಗ ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದರು. ತಂಗಿ ಆ ಬೀರನ್ನು ಇವತ್ತಿಗೂ ಮುಟ್ಟಿಲ್ಲ.

ಮೂರನೆಯದು ಕಪ್ಪು. ಬಾರ್ಲಿಯ ಜೊತೆ ಮೊಳಕೆ ಜೋಳ ಬೆರೆಸಿ, ಜೋಳವನ್ನು ಬೇಕೆಂದೇ ಸೀಯಲು ಬಿಟ್ಟು ಮಾಡಿದ್ದು. ಕುಡಿದರೆ ಒಲೆಯ ಹೊಗೆ ನಾಲಿಗೆಗೆ ತಾಕುತ್ತದೆ. ಬಹಳ ದಿನ ಅದಕ್ಕೆ ಹೆಸರಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಹತ್ತಿರದ ಬಂದರು ಪಟ್ಟಣ ಈಸ್ಟ್ ಲಂಡನ್ನಿನ ಒಂದು ಬೀರು ಮನೆ, ತನ್ನ ಹನ್ನೆರಡು ಬೀರಿನ ಕೊಳಾಯಿಗಳಲ್ಲಿ ಒಂದನ್ನು ಒಂದು ವರ್ಷದ ಮಟ್ಟಿಗೆ ಹೊಸಬರಿಗೆ ಕೊಡುವುದಾಗಿ ಪ್ರಕಟಿಸಿತು. ನಿಯಮ ಚಿಕ್ಕದು: ಕಾಯಿಸಿದವರೇ ಬರಬೇಕು, ಬೀರಿನ ಹೆಸರು, ಹೆಸರಿನ ಹಿಂದಿನ ಕಥೆ ಎರಡನ್ನೂ ಸ್ವಂತ ಬಾಯಲ್ಲಿ ಹೇಳಬೇಕು. ಆ ಕೊಳಾಯಿ ನೊಸಕೆಲೆಗೆ ಬೇಕಿತ್ತು. ಅವಳ ಬೀರು ಅದುವರೆಗೆ ಬಡಾವಣೆಯ ಗಡಿ ದಾಟಿರಲಿಲ್ಲ. ಕಪ್ಪನ್ನೇ ಕಳಿಸೋಣ ಎಂದು ತೀರ್ಮಾನಿಸಿ, ಅದಕ್ಕೊಂದು ಹೆಸರು ಆರಿಸಿ ಅರ್ಜಿ ತುಂಬುವ ಕೆಲಸವನ್ನು ಗಂಡ ಮಬಂಡ್ಲನಿಗೆ ಒಪ್ಪಿಸಿ, ತಾಯಿಯನ್ನು ನೋಡಲು ತವರಿಗೆ ಹೋದಳು.

ಮಬಂಡ್ಲ ಅಂಗಡಿಗಳ ಬೋರ್ಡ್ ಬರೆಯುವವನು. ಅವಳು ಎಂಟು ದಿನ ಬಿಟ್ಟು ಬರುವಷ್ಟರಲ್ಲಿ ಅರ್ಜಿ ಹೋಗಿತ್ತು, ಆರುನೂರು ಲೇಬಲ್ಲು ಅಚ್ಚಾಗಿತ್ತು. ಲೇಬಲ್ಲಿನ ಮೇಲೆ ಟೋಪಿ ಹಾಕಿದ ಒಬ್ಬ ಮುದುಕ, ಕೆಳಗೆ ದಪ್ಪಕ್ಷರದಲ್ಲಿ 'ಲಿಂಡುಮ್ಜಿ'.

"ಅಪ್ಪನ ಹೆಸರು. ಹೆಂಗಿದೆ?" ಅಂದ ಮಬಂಡ್ಲ.

"ಚೆನ್ನಾಗಿದೆ. ಅಲ್ಲಿ ನಿಂತು ಹೇಳೋರ್ಯಾರು?"

ಅವನು ಲೇಬಲ್ಲು ನೋಡಿದ, ಹೆಂಡತಿಯನ್ನು ನೋಡಿದ. "ಅಯ್ಯೋ. ಹೊಳೀಲೇ ಇಲ್ಲ ಕಣೇ."

"ನಿಂಗ್ಯಾಕೆ ಹೊಳೀತದೆ? ನೀನೇನು ಈ ಮನೆ ಸೊಸೆನಾ?"

ಸೊಸೆಯಾದವಳು ಮಾವನ ಹೆಸರು ಹೇಳುವುದಿಲ್ಲ, ಆತ ತೀರಿಕೊಂಡ ಮೇಲೂ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಆ ಮೂರು ಅಕ್ಷರ ಒಮ್ಮೆಯೂ ನೊಸಕೆಲೆಯ ಬಾಯಿಂದ ಬಂದಿರಲಿಲ್ಲ. ಬೇರೆ ಹೆಸರು ಕೊಡೋಣವೆಂದರೆ ಅರ್ಜಿಯ ಗಡುವು ಮುಗಿದಿತ್ತು.

ಮಾರನೆಯ ದಿನ ಅವಳು ಅತ್ತೆ ಮಾಂಪಿಂಗಳ ಬಳಿ ಹೋದಳು. ಎಪ್ಪತ್ತೆರಡರ ಆಕೆ ಹಿತ್ತಿಲಲ್ಲಿ ಜೋಳದ ಬೀರು ಸೋಸುತ್ತಿದ್ದಳು.

"ಅಮ್ಮಾ, ಆ ಹೆಸರು ನಾನು ಹೇಳಬಹುದಾ? ಅವರು ಹೋಗಿ ನಾಲ್ಕು ವರ್ಷ ಆಯ್ತಲ್ಲ."

"ಹೇಳು. ಯಾರು ಬಡೀತಾರೆ? ಪಟ್ಟಣದ ಸೊಸೇರು ಮಾವನ್ನ ನಾಯಿ ಕರದಂಗೆ ಕರೀತಾರೆ."

"ಪಟ್ಟಣದೋರ ವಿಷಯ ಕೇಳ್ಳಿಲ್ಲ."

"ನಿಂಗೆ ಹೇಳೋ ಮನಸ್ಸಿದೆಯಾ?"

"ಇಲ್ಲ."

"ಮತ್ತೆ ನನ್ನನ್ನ ಯಾಕೆ ಕೇಳ್ತೀಯ? ಬಾ, ಈ ಜರಡಿ ಹಿಡಿ. ಕೈ ನೋಯ್ತಿದೆ."

ನೊಸಕೆಲೆ ಜರಡಿ ಹಿಡಿದಳು. ಮಾತು ಅಲ್ಲಿಗೆ ಮುಗಿಯಿತು, ಯೋಚನೆಯೂ.

ಆಯ್ಕೆಯ ದಿನ ಬೀರು ಮನೆಯಲ್ಲಿ ನೂರೈವತ್ತು ಜನ ಸೇರಿದ್ದರು. ರುಚಿ ನೋಡುವವರ ಮುಖ್ಯಸ್ಥ ಫೂರಿ. ಬಂದರಿನಲ್ಲಿ ಮೂವತ್ತು ವರ್ಷ ಬೀರು ಮಾಡಿದ ಮನುಷ್ಯ, ಮುಗುಳ್ನಗೆಯಲ್ಲಿ ಜಿಪುಣ. ನೊಸಕೆಲೆಯ ಸರದಿ ನಾಲ್ಕನೆಯದು. ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಬಂದು ನಿಂತು, ಅವಳು ಕಥೆಯಿಂದಲೇ ಶುರುಮಾಡಿದಳು.

"ನಾನು ಸೊಸೆಯಾಗಿ ಬಂದ ವರ್ಷ ಮನೆಯಲ್ಲಿ ಹಿರೀಕರ ಕಾರ್ಯ ಇತ್ತು. ಬೀರು ಮಾಡೋ ಕೆಲಸ ನಂದು. ಬೀರಿಗೆ ಇಟ್ಟ ಜೋಳದ ಗಂಜಿ ತಳ ಹಿಡೀತು. ಹೇಳೋಕೆ ಹೆದರಿ ಹಂಗೇ ಮಾಡಿ ಇಟ್ಟೆ. ಹಟ್ಟಿ ಹತ್ರ ಹಿರಿಯರು ಸಾಲಾಗಿ ಕೂತಿದ್ರು. ಮೊದಲನೇ ಚೊಂಬು ಸುತ್ತು ಬಂತು. ಒಬ್ಬೊಬ್ಬರೂ ಒಂದು ಗುಟುಕು ಕುಡಿದು ಮೀಸೆ ಒರೆಸ್ಕೊಂಡ್ರು. ಚೊಂಬನ್ನ ಪಕ್ಕದೋರಿಗೆ ದಾಟಿಸಿಬಿಟ್ರು. ನಾನು ಗೋಡೆ ಹಿಂದೆ ನಿಂತು, ತವರಿಗೆ ಎಷ್ಟು ದೂರ ಅಂತ ಲೆಕ್ಕ ಹಾಕ್ತಿದ್ದೆ. ಕೊನೇಲಿ ಚೊಂಬು ನನ್ನ ಮಾವನ ಕೈಗೆ ಬಂತು. ಅವರು ಪೂರ್ತಿ ಕುಡಿದ್ರು. ಇನ್ನೊಂದು ಚೊಂಬು ತರಿಸ್ಕೊಂಡು ಅದನ್ನೂ ಕುಡಿದ್ರು. ಆಮೇಲೆ ನಮ್ಮತ್ತೆಗೆ ಹೇಳಿ ಕಳಿಸಿದ್ರು: ಮದುಮಗಳಿಗೆ ಹೇಳು, ಈ ಮನೆ ಬೀರಿಗೆ ಇವತ್ತು ಒಂದು ಹೊಸ ರುಚಿ ಸಿಕ್ತು ಅಂತ. ಅಷ್ಟು ಕೇಳಿದ ಮೇಲೆ ಉಳಿದೋರಿಗೂ ಬಾಯಾರಿಕೆ ಆಯ್ತು."

ಜನ ನಕ್ಕರು. ಅವಳು ನಗಲಿಲ್ಲ.

"ಅವರಿರೋತನಕ ನಾವಿಬ್ರೂ ನೇರ ಮಾತಾಡ್ಲಿಲ್ಲ. ಇದು ಅವರ ಬೀರು, ಅವರ ಹೆಸರು. ಟೋಲೊ ಕುಲದೋರು, ಡ್ಲಂಗಮಂಡ್ಲ ಅನ್ನೋದು ಆ ಕುಲದ ಹೊಗಳಿಕೆ ಹೆಸರು. ನಾನು ಅಷ್ಟು ಹೇಳಬಹುದು. ಬಾಟಲಿ ಮೇಲಿರೋದನ್ನ ಹೇಳೋದಿಲ್ಲ."

ಫೂರಿ ಕಾಗದ ನೋಡಿದ. "ಮೇಡಂ, ಹೆಸರು ನೀವೇ ಹೇಳಬೇಕು ಅಂತಿದೆ."

"ಓದಿದ್ದೀನಿ ಸರ್."

"ನಾಳೆ ಕೊಳಾಯಿ ನಿಮಗೇ ಸಿಕ್ತು ಅಂತಿಟ್ಕೊಳ್ಳಿ. ಗಿರಾಕಿ ಬಂದು ಇದು ಯಾವುದು ಅಂತ ಕೇಳಿದ್ರೆ?"

"ಲೇಬಲ್ ತೋರಿಸ್ತೀನಿ. ಅವರೇ ಓದ್ತಾರೆ. ಬೀರಿನ ಹೆಸರು ಕರೆಯೋದು ಕುಡಿಯೋರು, ಕಾಯಿಸೋರಲ್ಲ. ನಾನು ಹೇಳಿದ್ರೆ ಅದು ಒಂದು ಸಲ. ಅವರು ಹೇಳಿದ್ರೆ ದಿನಕ್ಕೆ ನೂರು ಸಲ ನಮ್ಮ ಮಾವನ ಹೆಸರು ನನ್ನ ಕಿವಿಗೆ ಬೀಳ್ತದೆ."

ಫೂರಿ ಬಾಟಲಿ ತಿರುಗಿಸಿ ಓದಿದ. ತಪ್ಪಾಗಿ ಓದಿದ. ಹಿಂದಿನಿಂದ ನಾಲ್ಕಾರು ದನಿಗಳು ತಿದ್ದಿದವು. ಅವನು ಮತ್ತೆ ಹೇಳಿದ. ಈ ಸಲ ಇಡೀ ಹಜಾರವೇ ಜೊತೆಗೆ ಹೇಳಿತು. ನೊಸಕೆಲೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ಫೂರಿ ಲೋಟ ಎತ್ತಿ ಒಂದು ಗುಟುಕು ಕುಡಿದ, ಉಳಿದದ್ದನ್ನೂ ಕುಡಿದ. ಅವತ್ತು ಅವನು ಬರಿದು ಮಾಡಿದ ಲೋಟ ಅದೊಂದೇ.

ನಿಯಮ ಮುರಿದದ್ದಕ್ಕೆ ಅಂಕ ಕಡಿತವಾಯಿತು. ಕಡಿತವಾದ ಮೇಲೂ ಅವಳದೇ ಮೇಲಿತ್ತು. ಏಳನೇ ಕೊಳಾಯಿ ಸಿಕ್ಕಿತು.

ಶನಿವಾರಗಳಲ್ಲಿ ನೊಸಕೆಲೆ ತಾನೇ ಆ ಕೊಳಾಯಿಯ ಹಿಂದೆ ನಿಲ್ಲುತ್ತಾಳೆ. "ಆ ಕಪ್ಪನೆಯದು ಕೊಡಿ" ಎಂದವರಿಗೆ ಲೋಟ ತುಂಬುವುದಿಲ್ಲ. ಕೊಳಾಯಿಗೆ ಅಂಟಿಸಿದ ಲೇಬಲ್ಲನ್ನು ಬೆರಳಿನಿಂದ ತೋರಿಸಿ ಕಾಯುತ್ತಾಳೆ. ಅವರು ಹೆಸರು ಹೇಳುತ್ತಾರೆ, ಅವಳು ಕೊಳಾಯಿ ತಿರುಗಿಸುತ್ತಾಳೆ.

ಮೊದಲ ತಿಂಗಳಲ್ಲೇ ಮಾಂಪಿಂಗ ಮಗನ ಜೊತೆ ಬಂದಳು. ಎತ್ತರದ ಸ್ಟೂಲು ಹತ್ತಲಾಗದೆ, ಅದನ್ನು ಬೈದು, ನಿಂತೇ ಕೇಳಿದಳು: "ನಮ್ಮನೆಯವರದ್ದು ಒಂದು ಲೋಟ ಕೊಡಮ್ಮ."

ಆಕೆಗೆ ಲೇಬಲ್ಲು ತೋರಿಸುವ ಮಾತೇ ಇರಲಿಲ್ಲ. ನೊಸಕೆಲೆ ಎರಡೂ ಕೈಯಲ್ಲಿ ಲೋಟ ಹಿಡಿದು ಕೊಟ್ಟಳು. ಮುದುಕಿ ಅರ್ಧ ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು.

"ಅವತ್ತಿನದು ಇನ್ನೂ ಸ್ವಲ್ಪ ಜಾಸ್ತಿ ಸೀದಿತ್ತು," ಅಂದಳು. "ಮುಂದಿನ ಸಲ ಒಲೆ ಹತ್ರ ನಾನು ಕೂತ್ಕೋತೀನಿ."