ಉಡಿ ತುಂಬಿಸಿಕೊಂಡ ರಾಕೆಟ್ಟು

ನಮ್ಮ ಅಪ್ಪ ನಮೂನೆ ನೋಡದೆ ಏನನ್ನೂ ಮನೆಯೊಳಗೆ ಬಿಟ್ಟುಕೊಂಡವರಲ್ಲ. ಗಡಿಯಾಚೆ ಮರಾಠಿ ಸೀಮೆಯ ನಿಲಂಗಾದ ಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ತೊಗರಿಬೇಳೆ ಬಂದರೆ ಅಂಗೈಯಲ್ಲಿ ಹಾಕಿಕೊಂಡು ಊದಿ ನೋಡುತ್ತಾರೆ. ಮುರುಮ ಊರಿನ ಬೆಲ್ಲ ಬಂದರೆ ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ. ನನಗೆ ಹೆಣ್ಣು ನೋಡಲು ಭಾಲ್ಕಿಗೆ ಹೋದಾಗ ಹುಡುಗಿಯ ಕೈಯಿಂದ ಮೂರು ಸಲ ಚಹಾ ಮಾಡಿಸಿ ಕುಡಿದು ಬಂದರು. ಮೂರನೆಯದು ಚೆನ್ನಾಗಿತ್ತಂತೆ. ಅಂಥವರ ಮುಂದೆ ನನ್ನ ಮಗಳು ಹತ್ತನೆಯ ಪರೀಕ್ಷೆ ಮುಗಿಸಿ ಬಂದು, “ಮುತ್ಯಾ, ನಾ ಉದಗೀರಕ್ಕ ಹೋಗಿ ಸಾಯನ್ಸ್ ಓದತೀನಿ” ಎಂದಳು.

“ಸಾಯನ್ಸ್ ಅಂದ್ರ ಏನವ್ವಾ ಅದು? ನಮೂನಿ ತೋರಸು,” ಎಂದರು ಅಪ್ಪ.

ನಮ್ಮ ಮನೆತನದಲ್ಲಿ ಓದಿದವರೆಲ್ಲ ಕಾಮರ್ಸ್ ಓದಿದವರು. ನಾನೂ ಓದಿದ್ದೇನೆ. ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದನ್ನು ಮರೆಸಲು ಅಪ್ಪನಿಗೆ ಅಂಗಡಿಯಲ್ಲಿ ಒಂದು ವಾರ ಸಾಕಾಯಿತು. ಈಗ ನನ್ನ ಮೀಸೆ ಬೆಳ್ಳಗಾಗಿದೆ. ಆದರೂ ಊದಿನಕಡ್ಡಿಯ ಕಂಪನಿ ಬದಲಿಸಬೇಕಾದರೆ ಅಪ್ಪನನ್ನು ಕೇಳುತ್ತೇನೆ. ಹೀಗಾಗಿ ಮಗಳು ಸಹಾಯಕ್ಕೆಂದು ನನ್ನ ಕಡೆ ನೋಡಿದಾಗ ನಾನು ತಕ್ಕಡಿಯ ಕಡೆ ನೋಡಿದೆ.

“ಸಾಯನ್ಸಿಗಿ ನಮೂನಿ ಇರಂಗಿಲ್ಲ ಮುತ್ಯಾ.”

“ಉಪ್ಪಿಗೂ ಇರತದ. ನಿಂದೇನು ಉಪ್ಪಿಗಿಂತ ದೊಡ್ಡದೇನು?”

ಆಕೆ ಅಂಗಡಿಯ ಸಾಮಾನುಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು. ಆಮೇಲೆ, “ರಾಕೆಟ್ ಮಾಡಿ ತೋರಸತೀನಿ. ಬೆಂಕಿಗಿಂಕಿ ಬ್ಯಾಡ. ಮನ್ಯಾಗಿನ ಬಾಟಲಿ, ನೀರು, ಗಾಳಿ. ಅಷ್ಟೇ,” ಎಂದಳು.

“ನಮ್ಮ ಮಾಳಿಗಿ ದಾಟತದೇನು?”

“ದಾಟತದ.”

“ದಾಟಿದ್ರ ಉದಗೀರ. ದಾಟಲಿಲ್ಲಂದ್ರ ಇಲ್ಲೇ ಕಾಮರ್ಸ್, ಸಂಜಿಮುಂದ ಅಪ್ಪನ ಬಾಜೂಕ ಗಲ್ಲಾದ ಮ್ಯಾಲ. ಒಪ್ಪಿಗಿ ಅದ ಏನು?”

“ಅದ.”

ಹೀಗೆ ನನ್ನ ಮಗಳ ಭವಿಷ್ಯ ಒಂದು ತಂಪುಪಾನೀಯದ ಬಾಟಲಿಯೊಳಗೆ ಹೋಗಿ ಕುಳಿತಿತು.

ಬಾಟಲಿಗೇನೂ ಬರವಿರಲಿಲ್ಲ. ಕಸದ ಘಂಟಾಗಾಡಿ ದಿನಾ ಬೆಳಿಗ್ಗೆ ಹಸಿ ಕಸ, ಒಣ ಕಸ ಎಂದು ಹಾಡುತ್ತ ನಮ್ಮ ಓಣಿಗೆ ಬರುತ್ತದೆ. ನಮ್ಮ ಅವ್ವ ಬಾಟಲಿ ಹಿಡಿದುಕೊಂಡು ಬಾಗಿಲಿಗೆ ಹೋಗಿ, ಹಾಡು ಪೂರ್ತಿ ಕೇಳಿ, ಬಾಟಲಿಯೊಂದಿಗೇ ಒಳಗೆ ಬರುತ್ತಾಳೆ. “ಗಟ್ಟಿ ಅದ, ಇರಲಿ” ಎನ್ನುತ್ತಾಳೆ. ಉಮರ್ಗಾದಲ್ಲಿ ನಮ್ಮ ತಂಗಿಯ ಮಗಳ ಮದುವೆಯಾದಾಗ ಉಳಿದ ಎಲ್ಲ ಖಾಲಿ ಬಾಟಲಿಗಳೂ ಬೀಗರ ಉಡುಗೊರೆಗಳ ಜೊತೆ ಜೀಪಿನಲ್ಲಿ ನಿಲಂಗಾಕ್ಕೆ ಬಂದಿದ್ದವು. ಅವುಗಳಲ್ಲಿ ಎರಡು ಲೀಟರಿನ ಒಂದು ಹಸಿರು ಬಾಟಲಿಯನ್ನು, ಒಳಗಿದ್ದ ಅಜವಾನ ಖಾಲಿ ಮಾಡಿಸಿ, ಮಗಳು ಗೆದ್ದುಕೊಂಡಳು. ಹಾರುವಾಗ ಥಳಥಳ ಹೊಳೆಯಲಿ ಎಂದು ಮಿಠಾಯಿ ಡಬ್ಬಿಯ ಬೆಳ್ಳಿ ಕಾಗದವನ್ನು ಅದಕ್ಕೆ ಸುತ್ತಿದಳು. ಹೊಸ ಮದುಮಗಳ ಹಾಗೆ ಕಾಣುತ್ತಿತ್ತು. ಮುಂದಿನ ಅನಾಹುತಕ್ಕೆ ಅದೇ ಕಾರಣವಾಯಿತೋ ಏನೋ.

ರೆಕ್ಕೆಗಳಿಗೆ ಗಟ್ಟಿ ಹಾಳೆ ಬೇಕಿತ್ತು. ನಮ್ಮಲ್ಲಿ ಪುಢಾರಿಗಳು ವರ್ಷಕ್ಕೊಂದು ಸಲ ಹುಟ್ಟುವುದಿಲ್ಲ, ವಾರಕ್ಕೊಂದು ಸಲ ಹುಟ್ಟುತ್ತಾರೆ. ಚೌಕದ ತುಂಬ ಹುಟ್ಟುಹಬ್ಬದ ಶುಭಾಶಯದ ಬೋರ್ಡುಗಳು. ಗಾಳಿಗೆ ಹರಿದು ನಮ್ಮ ಹಿತ್ತಲಿಗೆ ಬಿದ್ದಿದ್ದ ಒಂದನ್ನು ಮಗಳು ಕತ್ತರಿಸಿದಳು. ಒಂದು ರೆಕ್ಕೆಗೆ ಬೋರ್ಡಿನ ಸಾಹೇಬರ ಮೀಸೆ ಬಂತು, ಇನ್ನೊಂದಕ್ಕೆ ಮುಗಿದ ಕೈ, ಮೂರನೆಯದಕ್ಕೆ ಬರೀ ಕಪ್ಪು ಕನ್ನಡಕ. ಎದುರು ಮನೆಯಲ್ಲಿರುವ ಪಾರ್ಟಿಯ ಕಾರ್ಯಕರ್ತ ಇದನ್ನು ಕಂಡು ಒಳಗೆ ಬಂದ.

“ಕಾಕಾ, ಸಾಹೇಬರಿಗಿ ಬೆಂಕಿ ಹಚ್ಚತೀರೇನು?” ಎಂದು ನನ್ನನ್ನು ಕೇಳಿದ.

“ಬೆಂಕಿ ಇಲ್ಲಪ್ಪಾ. ನೀರಿನ ಮ್ಯಾಲ ಹಾರತದ.”

“ಹಂಗಂದ್ರ ಜಲಾಭಿಷೇಕ. ಅಡ್ಡಿಯಿಲ್ಲ. ಖರೆ, ಮೀಸಿ ಇದ್ದ ಬಾಜೂ ಕ್ಯಾಮೆರಾಕ್ಕ ಇರಲಿ,” ಎಂದ. ಹೋಗುವಾಗ ತಾನೇ ವಿಡಿಯೋ ತೆಗೆಯುವುದಾಗಿ ಘೋಷಿಸಿದ.

ಬಾಟಲಿಯ ಬಾಯಿಗೆ ಬಿಗಿಯಾದ ಬಿರಡೆ ಬೇಕು. ಅದರ ನಡುವೆ ಸೈಕಲ್ ಟ್ಯೂಬಿನ ವಾಲ್ವ್ ಕೂಡಿಸಿ, ಪಂಪಿನಿಂದ ಗಾಳಿ ತುಂಬುತ್ತ ಹೋದರೆ, ತಡೆಯಲಾರದೆ ಬಿರಡೆ ಕಿತ್ತುಕೊಂಡು ನೀರು ಕೆಳಗೆ ಚಿಮ್ಮಿ ಬಾಟಲಿ ಮೇಲೆ ಹಾರಬೇಕು. ಇದು ಮಗಳು ನನಗೆ ತಿಳಿಸಿ ಹೇಳಿದ ಸಾಯನ್ಸು. ಯಾವ ಬಿರಡೆಯೂ ಸರಿಹೋಗಲಿಲ್ಲ. ಕೊನೆಗೆ ನನ್ನ ಹೆಂಡತಿ ತನ್ನ ಸವೆದ ಹವಾಯಿ ಚಪ್ಪಲಿಯ ಹಿಮ್ಮಡವನ್ನು ಕುಯ್ದು ಕೊಟ್ಟಳು. ಅದು ಕಚ್ಚಿಕೊಂಡು ಕೂತಿತು. “ಮಾವನವರಿಗಿ ಹೇಳಬ್ಯಾಡ್ರಿ ಮತ್ತ,” ಎಂದಳು. ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಹಿತ್ತಲಿನಲ್ಲಿ ಹಾರಿಸುವುದೆಂದು ನಿಶ್ಚಯವಾಯಿತು. ಹಾರಲಿ ಬಿಡಲಿ, ಹೊಸ ಕೆಲಸವೆಂದ ಮೇಲೆ ಪೂಜೆ ತಪ್ಪಬಾರದು. ಅಪ್ಪ ಸ್ನಾನ ಮಾಡಿ ಬಂದು ರಾಕೆಟ್ಟಿನ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿದರು, ಎರಡು ಹೂವು ಏರಿಸಿದರು, ಕೈಮುಗಿದರು. ಚಪ್ಪಲಿಯ ತುಂಡು ಅದರ ಪಕ್ಕದಲ್ಲಿ ಒಂದು ಸ್ಟೀಲು ವಾಟಿಯಲ್ಲಿತ್ತು. ಅದಕ್ಕೂ ಒಂದು ಬೆರಳು ವಿಭೂತಿ ಬಿತ್ತು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮಗಳು ಬಾಟಲಿಗೆ ಮೂರರಲ್ಲಿ ಒಂದು ಪಾಲು ನೀರು ಹಾಕಿಟ್ಟು, ಪಂಪು ತರಲು ಸೈಕಲ್ ಅಂಗಡಿಗೆ ಓಡಿದಳು. ಬಂದವಳೇ ಬಿರಡೆ ಜಡಿದು, ಬಾಟಲಿಯನ್ನು ಇಟ್ಟಿಗೆಗಳ ನಡುವೆ ತಲೆಕೆಳಗು ನಿಲ್ಲಿಸಿ, ಗಾಳಿ ಹೊಡೆಯಲು ಶುರುಮಾಡಿದಳು. ಕಾರ್ಯಕರ್ತ ಮೊಬೈಲ್ ಹಿಡಿದು ಮರಾಠಿಯಲ್ಲಿ ವೀಕ್ಷಕರಿಗೆ ನಮಸ್ಕಾರ ಹೇಳಿದ. ಅಪ್ಪ ಕುರ್ಚಿ ಹಾಕಿಸಿಕೊಂಡು ಕೂತರು. ಅವ್ವ ಮಾತ್ರ ಬಾಗಿಲ ಮರೆಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮೊಮ್ಮಗಳ ಸಾಹಸ ಕಂಡು ಎಂದುಕೊಂಡೆ.

ಬಿರಡೆ ಪಟ್ಟನೆ ಕಿತ್ತುಕೊಂಡಿತು. ರಾಕೆಟ್ಟು ಮೊಳಕಾಲಿನಷ್ಟು ಎದ್ದು, ಪುರ್ ಎಂದು ಸೀನಿ, ಒಂದು ಪಕ್ಕಕ್ಕೆ ಮಲಗಿತು. ಬಾಯಿಯಿಂದ ನೀರು ತೊಟ್ಟು ತೊಟ್ಟಾಗಿ ಇಳಿಯಿತು. ಜೊತೆಗೆ ನಾಲ್ಕು ಅಕ್ಕಿ ಕಾಳು.

ಅಪ್ಪ ಎದ್ದು ಕುರ್ಚಿ ಮಡಚಿದರು. ಅಂಗಡಿಯ ಕೀಲಿ ಕೈಗೆ ತೆಗೆದುಕೊಂಡರು. ಮಗಳು ಬಾಟಲಿಯನ್ನು ಕಾಲ ಮೇಲೆ ಇಟ್ಟುಕೊಂಡು, ಒಂದು ಕಡ್ಡಿಯಿಂದ ಅದರ ಗಂಟಲು ಕೆದಕಿದಳು. ಮೊದಲು ಉತ್ತತ್ತಿ ಬಂತು, ಅದರ ಹಿಂದೆ ಅರಿಶಿಣದ ಕೊಂಬು, ಅಡಿಕೆ, ಮತ್ತೆ ಒಂದು ಹಿಡಿ ಅಕ್ಕಿ.

ಎಲ್ಲರೂ ಬಾಗಿಲ ಕಡೆ ತಿರುಗಿದರು.

“ನಾನೇ ಹಾಕೀನಿ,” ಎಂದಳು ಅವ್ವ. “ಏನ್ ಮಾಡ್ಲಿ? ಮನಿ ಬಿಟ್ಟು ಹೋಗೂದದ. ಹಣಿಗಿ ವಿಭೂತಿ ಹಚ್ಚಿದ್ರು, ಹೂವು ಏರಿಸಿದ್ರು, ಉಡಿ ಒಬ್ಬರೂ ತುಂಬಲಿಲ್ಲ. ಬರಿ ಉಡೀಲೆ ಹ್ಯಾಂಗ ಕಳಸಬೇಕು? ಇಲ್ಲಿತನಾ ಈ ಮನಿಂದ ಯಾರಿಗೂ ಕಳಸಿಲ್ಲ ನಾ.”

“ಅದು ಬಾಟಲಿ ಅಜ್ಜಿ,” ಎಂದಳು ಮಗಳು.

“ನನಗೇನು ಗೊತ್ತಿಲ್ಲೇನು, ನಾನೇ ತೊಳದಿಟ್ಟಿದ್ದು.”

ಹೆಣ್ಣುಮಕ್ಕಳಿಗೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸುವುದು ನಮ್ಮಲ್ಲಿ ಯಾವ ಮನೆಯಲ್ಲೂ ತಪ್ಪುವುದಿಲ್ಲ. ಸೆರಗಿಲ್ಲದ್ದಕ್ಕೆ ಬಾಯಿಯೇ ಸೆರಗಾಯಿತು. ಕೊಬ್ಬರಿ ಬಟ್ಟಲೂ ತಂದಿದ್ದಳಂತೆ, ಅದು ಒಳಗೆ ಹಿಡಿಯಲಿಲ್ಲವಂತೆ. ನಾನು ಅಪ್ಪನ ಮುಖ ನೋಡಿದೆ. ಎಂದೂ ಇಲ್ಲದ ಧೈರ್ಯ ಬಂದು, “ಇನ್ನೊಂದು ಸಲ ಬಿಡಸೋಣ್ರಿ ಅಪ್ಪಾ,” ಎಂದೆ. ನಲವತ್ತೇಳು ವರ್ಷಕ್ಕೆ ನಾನು ಅವರಿಗೆ ಕೊಟ್ಟ ಮೊದಲ ಸಲಹೆ ಇದು.

ಅವರು ಒದ್ದೆಯಾದ ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು ನೋಡಿದರು.

“ನಮೂನಿದಾಗ ಭೇಸಳ ಆಗ್ಯಾದ,” ಎಂದರು. “ಕಲಬೆರಕಿ ನಮೂನಿ ನೋಡಿ ಮಾಲ ವಾಪಸ್ ಕಳಸೂದು ವ್ಯಾಪಾರದಾಗ ಅನ್ಯಾಯ. ಮತ್ತ ತುಂಬು. ಈಕಿಗಿ ಹತ್ತ್ರ ಬಿಡಬ್ಯಾಡ್ರಿ.”

ಅವ್ವನನ್ನು ಅಡುಗೆಮನೆಯಲ್ಲಿ ಕೂಡಿಸಿ ನನ್ನ ಹೆಂಡತಿ ಕಾವಲು ನಿಂತಳು. ಮಗಳು ಮತ್ತೆ ನೀರು ಅಳೆದು ಹಾಕಿ, ಬಿರಡೆ ಜಡಿದು, ಪಂಪು ಹೊಡೆಯತೊಡಗಿದಳು. ಈ ಸಲ ತುಟಿ ಕಚ್ಚಿಕೊಂಡಿದ್ದಳು. ಅಪ್ಪನಿಗೆ ಸಂಶಯ ಬಂತು. ಒಳಗೆ ಇನ್ನೂ ಏನಾದರೂ ಉಳಿದಿದೆಯೋ ಎಂದು ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಬಾಟಲಿಯ ಬಾಯಿಗೇ ಕಣ್ಣು ಹಚ್ಚಲು ಹೋದರು.

“ಮುತ್ಯಾ, ಸರೀರಿ—”

ಢಬ್ ಎಂದಿತು. ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಹೊಳೆಯುವ ಏನೋ ಒಂದು ಬೇವಿನ ಮರದ ನೆತ್ತಿಯ ಮೇಲೆ ಹೋಯಿತು. ಕಾರ್ಯಕರ್ತ “ಸಾಹೇಬ” ಎಂದು ಕೈಯೆತ್ತಿದ. ಅಪ್ಪ ಪೇಟಾದಿಂದ ಪಂಚೆಯವರೆಗೆ ತೊಯ್ದು, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಕಣ್ಣು ಒರೆಸಿಕೊಂಡು ತೆಗೆಯುವಷ್ಟರಲ್ಲಿ ಆಕಾಶ ಖಾಲಿಯಾಗಿತ್ತು.

“ಎಲ್ಲಿ ಅದ?”

“ಹೋಯ್ತು ಮುತ್ಯಾ. ಮಾಳಿಗಿ ದಾಟಿತು.”

“ನಾ ನೋಡಿಲ್ಲ.”

“ಎಲ್ಲಾರೂ ನೋಡ್ಯಾರ.”

“ಎಲ್ಲಾರೂ ನಮ್ಮವರೇ. ನಮ್ಮವರ ಸಾಕ್ಷಿ ಚಲೋ ಅಲ್ಲ.”

ವಿಡಿಯೋ ಇದೆಯಲ್ಲ ಎಂದು ಕಾರ್ಯಕರ್ತನನ್ನು ಕೇಳಿದೆವು. ವಿಡಿಯೋದಲ್ಲಿ ಮೊದಲಿನಿಂದ ಕೊನೆಯವರೆಗೂ ಅವನೇ ಇದ್ದ. ಮಗಳು ಇಟ್ಟಿಗೆಯ ಮೇಲೆ ಕುಳಿತುಬಿಟ್ಟಳು. ನಾನು ಬಾಯಿ ತೆರೆದೆ, ಆದರೆ ಅವತ್ತಿನ ಧೈರ್ಯವೆಲ್ಲ ಆಗಲೇ ಖರ್ಚಾಗಿತ್ತು.

ಅಷ್ಟರಲ್ಲಿ ಹಿತ್ತಲ ಬಾಗಿಲು ದಡದಡ ಬಡಿದುಕೊಂಡಿತು. ಹಿಂದಿನ ಓಣಿಯ ಮೂರು ಅಂತಸ್ತಿನ ಮನೆಯ ಹಿರಿಯಾಕೆ ಒಳಗೆ ಬಂದರು. ಅವರ ಒಂದು ಕೈಯಲ್ಲಿ ನಮ್ಮ ರಾಕೆಟ್ಟು. ಅದರ ಕಪ್ಪು ಕನ್ನಡಕಕ್ಕೆ ಹಸಿ ಸಂಡಿಗೆ ಮೆತ್ತಿಕೊಂಡಿತ್ತು.

“ಏನ್ ಮಂದಿರೀ ನೀವು? ಮುಂಜಾನಿಂದ ಕೂತು ಸಂಡಗಿ ಹಾಕೀನಿ ಮಾಳಿಗಿ ಮ್ಯಾಲ. ಬರೋಬ್ಬರಿ ನಡುವ ಬಂದು ಬಿತ್ತು ಈ ನಿಮ್ಮ ಪುಢಾರಿ.”

“ನಿಮ್ಮ ಮಾಳಿಗಿ ಮ್ಯಾಲಾ?” ಎಂದರು ಅಪ್ಪ. “ಮೂರನೇ ಮಾಳಿಗಿ ಮ್ಯಾಲಾ?”

“ಮತ್ತ ಎಲ್ಲಿ ಒಣಗಸಲಿ, ರಸ್ತೆದಾಗ?”

“ಪಕ್ಕದಿಂದ ಬಂತೋ, ಮ್ಯಾಲಿಂದ ಬಂತೋ? ವಿಚಾರ ಮಾಡಿ ಹೇಳ್ರಿ.”

“ಮ್ಯಾಲಿಂದ್ರೀ, ಆಕಾಶದಿಂದ. ವಿಮಾನದವರು ಒಗದಾರ ಅಂದುಕೊಂಡು ಬೈದೀನಿ ನಾ.”

ಅಪ್ಪ ಇನ್ನೂ ಎರಡು ಸಲ ಕೇಳಿ ಅದನ್ನೇ ಹೇಳಿಸಿದರು. ಆಕೆಗೆ ಬೈಯಲು ಇಷ್ಟು ಒಳ್ಳೆಯ ಅವಕಾಶ ಹಿಂದೆಂದೂ ಸಿಕ್ಕಿರಲಿಲ್ಲ. ಪ್ರತಿ ಸಲವೂ ರಾಕೆಟ್ಟು ಇನ್ನಷ್ಟು ಎತ್ತರದಿಂದ ಬಿತ್ತು. ತೊಯ್ದ ಪೇಟಾ ತೆಗೆದು ಹಿಂಡುತ್ತ ಅಪ್ಪ ಗಂಭೀರವಾಗಿ ಎಲ್ಲವನ್ನೂ ಕೇಳಿಸಿಕೊಂಡರು. ಮಗಳು ನೆಲದಿಂದ ಕಣ್ಣೆತ್ತಿ ಅವರನ್ನೇ ನೋಡುತ್ತಿದ್ದಳು. ಅವರು ಆಕೆಯ ಕಡೆ ನೋಡಲಿಲ್ಲ. ಬಂದಾಕೆಗೇ ಹೇಳಿದರು:

“ತಪ್ಪು ನಮ್ಮದೇ ಅಕ್ಕಾ. ಖರೆ, ಈಕಿ ಜೂನದಾಗ ಉದಗೀರಕ್ಕ ಹೋಗತಾಳ. ಅಲ್ಲಿತನಾ ಸಂಡಗಿ ಮ್ಯಾಲ ಒಂದು ಹಳೀ ಸೀರಿ ಮುಚ್ಚರಿ.”